ಗೌಸಬಿ ಕೊಟ್ಟ ತೀರ್ಪುಗಳು

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗೌಸಬಿಯ ರೊಟ್ಟಿ ಅಂಗಡಿ ಇದೆ. ಐದು ಹಂಚು, ಐದು ಜನ ಹೆಂಗಸರು, ಗೋಡೆಗೊಂದು ಟಿ.ವಿ. ಮಧ್ಯಾಹ್ನ ಮೂರಕ್ಕೆ ಅದರಲ್ಲಿ ‘ನಿಜ ಘಟನೆ ಆಧಾರಿತ’ ಎಂಬ ಕೊಲೆಗಳ ಧಾರಾವಾಹಿ ಶುರುವಾದರೆ ಹೆಂಗಸರ ಮಾತು ನಿಲ್ಲುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ಗೌಸಬಿಯ ತೀರ್ಪು ಹೊರಬೀಳುತ್ತಿತ್ತು.

“ಹೇಣ್ತೀನ ಮಾಡ್ಯಾಳ. ಆಕಿ ಅಳೂದು ನೋಡ್ರಿ, ಕಣ್ಣಾಗ ನೀರ ಇಲ್ಲ.”

ಐವತ್ತೆಂಟರ ಈ ಹೆಂಗಸಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆ ಯಾವ ಜಡ್ಜ್ ಸಾಹೇಬರಿಗೂ ಇರಲಿಕ್ಕಿಲ್ಲ. ಹಾಗಂತ ಅದು ಬಿಟ್ಟಿ ಬಂದದ್ದೂ ಅಲ್ಲ. ರೊಟ್ಟಿ ನೋಡಿ ಅದು ಯಾರ ಕೈಯದೆಂದು ಹೇಳುವುದು ಅವಳ ಕಸುಬು. ಗಿರಾಕಿಯಿಂದ ದೂರು ಬಂದರೆ ರೊಟ್ಟಿಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ, ಬಡಿದವಳ ಹೆಸರು ಹಿಡಿದು ಕೂಗುತ್ತಿದ್ದಳು. ರುಕ್ಮವ್ವನ ರೊಟ್ಟಿಯ ನಡು ದಪ್ಪ. ಸುವರ್ಣಾಳಿಗೆ ಕೊನೆಗೆ ಅಂಚನ್ನು ಹೆಬ್ಬೆರಳಿನಿಂದ ಒತ್ತುವ ಅಭ್ಯಾಸ. ಬೆಂದ ಮೇಲೂ ಆ ಗುರುತು ಹೋಗುತ್ತಿರಲಿಲ್ಲ.

ಆರು ವರ್ಷದ ಹಿಂದೆ ಸುವರ್ಣಾಳನ್ನು ಉಳಿಸಿದ್ದು ಆ ಗುರುತೇ. ಅವಳ ಗಂಡ ಅನಿಲ ಲಿಂಬೆ ವ್ಯಾಪಾರ ಮಾಡುತ್ತಿದ್ದ. ಒಂದು ದಿನ ತೋಟದ ಶೆಡ್ಡಿನಲ್ಲಿ ಉಣ್ಣುತ್ತ ಕುಳಿತವನು ಮತ್ತೆ ಏಳಲಿಲ್ಲ. ಊಟದಲ್ಲಿ ವಿಷವಿತ್ತು. ಬುತ್ತಿ ಕಟ್ಟಿದವಳು ಹೆಂಡತಿ ಎಂದು ಪೊಲೀಸರು ಸುವರ್ಣಾಳನ್ನು ಕರೆದೊಯ್ದರು. ಮರುದಿನ ಗೌಸಬಿಯನ್ನೂ ವಿಚಾರಣೆಗೆ ಕರೆಸಿ, ಶೆಡ್ಡಿನಲ್ಲಿ ಉಳಿದಿದ್ದ ರೊಟ್ಟಿ ತೋರಿಸಿದರು.

“ಇದು ಸುವರ್ಣಾನ ಕೈದಲ್ರಿ ಸಾಹೇಬ್ರ, ಅಂಚಿಗೆ ಹೆಬ್ಬೆರಳಿನ ಗುರ್ತ ಇಲ್ಲ,” ಎಂದಳು ಗೌಸಬಿ.

ಹಾಗಾದರೆ ಯಾರದು ಎಂದು ಹುಡುಕುತ್ತ ಹೋದಾಗ ಸಿಕ್ಕಿಬಿದ್ದವನು ಅನಿಲನ ಪಾಲುದಾರ. ಆ ದಿನ ಬೇರೆ ಅಂಗಡಿಯಲ್ಲಿ ರೊಟ್ಟಿ ಪಲ್ಯ ಕಟ್ಟಿಸಿಕೊಂಡು, ವಿಷ ಬೆರೆಸಿ, ಸುವರ್ಣಾಳ ಬುತ್ತಿ ಬಚ್ಚಿಟ್ಟು ಗೆಳೆಯನಿಗೆ ಅದನ್ನೇ ಉಣ್ಣಿಸಿದ್ದ. ಗೌಸಬಿ ಕೋರ್ಟಿನಲ್ಲೂ ನಿಂತು ಸಾಕ್ಷಿ ಹೇಳಿದಳು. ಅವನಿಗೆ ಶಿಕ್ಷೆಯಾಯಿತು, ಸುವರ್ಣಾ ತನ್ನ ಹಂಚಿನ ಮುಂದೆ ಮರಳಿ ಕುಳಿತಳು.

ಹೋದ ವಾರ ಅದೇ ಧಾರಾವಾಹಿಯಲ್ಲಿ ಅದೇ ಕತೆ ಬಂತು. ಹೆಸರು ಬದಲಿಸಿದ್ದರು, ಲಿಂಬೆ ತೋಟ, ಶೆಡ್ಡು, ಬುತ್ತಿ ಹಾಗೆಯೇ ಇದ್ದವು. ಆದರೆ ಅಲ್ಲಿನ ಹೆಂಡತಿ ಪಾಲುದಾರನ ಜೊತೆ ಸೇರಿ ತಾನೇ ವಿಷ ಬೆರೆಸಿದಳು. ರೊಟ್ಟಿ ಗುರುತಿಸಿದ ಹೆಂಗಸಿನ ಸುಳಿವೇ ಇರಲಿಲ್ಲ. ಸುವರ್ಣಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕದೆ ನೋಡುತ್ತಲೇ ಕುಳಿತಳು. ಅದು ಸೀದುಹೋಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಖಾನಾವಳಿಯ ಶ್ರೀಶೈಲಪ್ಪ ರೊಟ್ಟಿಯ ಬುಟ್ಟಿ ವಾಪಸ್ ಕಳಿಸಿದ. ಸುವರ್ಣಾ ಬಡಿದದ್ದನ್ನು ಬಿಟ್ಟು ಉಳಿದದ್ದು ಕೊಡಬೇಕಂತೆ, ಗಿರಾಕಿಗಳು ಹಿಂದೆಮುಂದೆ ನೋಡುತ್ತಾರಂತೆ. ಸುವರ್ಣಾ ಅಂಗಡಿಯ ಹಿಂದಿನ ತನ್ನ ಕೋಣೆಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬಿದಳು. ನಾಲತವಾಡದ ತವರಿಗೆ ಹೋಗಿಬಿಡುತ್ತೇನೆ ಎಂದಳು. ಗೌಸಬಿಗೆ ಮೈಯೆಲ್ಲ ಉರಿಯಿತು.

“ಚೀಲ ಇಳಸು. ಬುಟ್ಟಿ ಹೊತ್ಕೊಂಡು ನನ್ನ ಸಂಗಾಟ ಬಾ.”

ಖಾನಾವಳಿಯಲ್ಲಿ ಊಟದ ಹೊತ್ತು. ಗೌಸಬಿ ನೇರ ಗಲ್ಲಾಪೆಟ್ಟಿಗೆಯ ಮುಂದೆ ಬುಟ್ಟಿ ಇಡಿಸಿದಳು.

“ಆರಿಸಿ ತೆಗಿರಿ ಅಣ್ಣಾರ, ಇದರಾಗ ಸುವರ್ಣಾನ ರೊಟ್ಟಿ ಯಾವು?”

ಶ್ರೀಶೈಲಪ್ಪ ನಾಲ್ಕು ರೊಟ್ಟಿ ತಿರುವಿ ನೋಡಿ ಕೈ ಬಿಟ್ಟ. ಗೌಸಬಿ ಅಂಚು ಮುಟ್ಟಿ ಒಂದನ್ನು ಎಳೆದು, ಮುರಿದು ಬಾಯಿಗೆ ಹಾಕಿಕೊಂಡಳು.

“ಆರು ವರ್ಷ ನೀವೂ ಇವನ್ನ ತಿಂದೀರಿ. ಏನಾಗೇತಿ ನಿಮಗ?”

ಉಣ್ಣುತ್ತಿದ್ದವರು ನಕ್ಕರು. ಶ್ರೀಶೈಲಪ್ಪ ನಗಲಿಲ್ಲ. ಅವನೇನು ಕೆಟ್ಟವನಲ್ಲ, ಆದರೆ ನಾಲ್ಕು ಜನರ ಮುಂದೆ ಸೋಲುವವನೂ ಅಲ್ಲ.

“ಅಕ್ಕಾ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹೋದ ತಿಂಗಳ ಅದ ಸೀರಿಯಲ್ದಾಗ ಒಬ್ಬಾಕಿ ಹೆಣ್ಮಗಳ್ನ ತೋರಿಸಿದ್ರು. ಆಕೀನ ಗಂಡನ್ನ ಕೊಂದಾಳ, ಗಲ್ಲಿಗೆ ಹಾಕಬೇಕು ಅಂತ ಇಲ್ಲೇ ನಿಂತು ಅಂದವರು ನೀವು. ಆಕಿ ರೊಟ್ಟಿ ನೀವು ನೋಡಿದ್ರೇನು?”

ಗೌಸಬಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಎಷ್ಟು ವರ್ಷದಿಂದ, ಎಷ್ಟು ಮಂದಿ ಹೆಂಗಸರಿಗೆ, ಹಿಟ್ಟು ನಾದುತ್ತ ನಾದುತ್ತ ಗಲ್ಲು ಬರೆದಿದ್ದಳೋ ಏನೋ. ನಾಚಿಕೆಯಾಯಿತು. ಆದರೂ ತಲೆ ತಗ್ಗಿಸಲಿಲ್ಲ.

“ನೋಡಿಲ್ಲ. ನಾ ಅಂದಿದ್ದು ತಪ್ಪ. ಇನ್ನ ಅನ್ನೂದಿಲ್ಲ. ನೀವೂ ಅನ್ನಬ್ಯಾಡ್ರಿ.”

ಇಂಡಿಯಲ್ಲಿ ಗೌಸಬಿ ತಪ್ಪು ಒಪ್ಪಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಶ್ರೀಶೈಲಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ. ರೊಟ್ಟಿಗಳನ್ನೆಲ್ಲ ತಾನೇ ಒಳಗೆ ಒಯ್ದಿಟ್ಟು, ಖಾಲಿ ಬುಟ್ಟಿಯನ್ನು ಸುವರ್ಣಾಳ ಕೈಗೆ ಕೊಟ್ಟ.

ಮರಳುವ ದಾರಿಯಲ್ಲಿ ಅರ್ಧ ಓಣಿ ದಾಟಿದ ಮೇಲೆ ಸುವರ್ಣಾ ಕೇಳಿದಳು. “ಚಾಚಿ, ಪೊಲೀಸರು ನನ್ನ ಕರಕೊಂಡು ಹೋದ ದಿನ ನೀವೂ ಹಂಗ ಅಂದಿದ್ರೇನ್ರಿ?”

ಇಲ್ಲ ಎನ್ನಬಹುದಿತ್ತು. ಸಾಕ್ಷಿ ಹೇಳಿ ಉಳಿಸಿದವಳ ಮಾತನ್ನು ಯಾರು ಅನುಮಾನಿಸುತ್ತಾರೆ?

“ಅಂದಿದ್ದೆ,” ಎಂದಳು ಗೌಸಬಿ. “ಮರುದಿನ ರೊಟ್ಟಿ ನೋಡೂತನಕ ಅಂದಿದ್ದೆ.”

ಸುವರ್ಣಾ ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು.

“ಗೊತ್ತಿತ್ರಿ. ನಾ ಬಿಡುಗಡೆಯಾಗಿ ಬಂದ ದಿನಾನ ರುಕ್ಮವ್ವ ಹೇಳಿದ್ಲು. ನೀವಾಗೇ ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ.” ಎರಡು ಹೆಜ್ಜೆ ನಡೆದು ಕೇಳಿದಳು: “ನಾಳೆಗೆ ಎಷ್ಟ ಹಿಟ್ಟ ನಾದಬೇಕ್ರಿ?”