ಬಿಯರಿನ ಪರ ನಿಂತ ಬೇಕರಿ ಸಂಜೀವಣ್ಣ

ಸಂಜೀವಣ್ಣ ಯಾರ ಮನೆಗೆ ಬಂದರೂ ಸೋಫಾದ ಕಡೆ ನೋಡುತ್ತಿರಲಿಲ್ಲ. ನೇರ ಅಡುಗೆಮನೆಗೆ ನುಗ್ಗಿ, ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು, ಮೂಗನ್ನು ಪಾತ್ರೆಯೊಳಗೇ ಇಳಿಸಿ ಮೂಸುತ್ತಿದ್ದರು. ಕತಾರಿನ ದೋಹಾದಲ್ಲಿ, ಅಲ್ ಸದ್ದ್‌ನ ನಮ್ಮ ಫ್ಲಾಟಿಗೆ ಮೊದಲ ಸಲ ಬಂದಾಗಲೂ ಅದನ್ನೇ ಮಾಡಿದರು. ಮೈಸೂರಿನ ಮಡಿವಂತ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಬಾಗಿಲಲ್ಲೇ ಕಲ್ಲಾಗಿ ನಿಂತಳು. ಅವರಿಗೆ ಅದರ ಪರಿವೆಯೇ ಇಲ್ಲ.

"ಇದು ಇನ್ನೂ ಏಳ್ಲೇ ಇಲ್ಲ ಅಕ್ಕ. ಏಸಿಯಲ್ಲಿ ಇಟ್ರೆ ಅದಕ್ಕೆ ಚಳಿ ಆಗ್ತದೆ ಅಲ್ವಾ? ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಇಡಿ. ಹೇಗೆ ಎದ್ದು ಕೂತ್ಕೊಳ್ತದೆ ನೋಡಿ."

ಇಟ್ಟೆವು, ಮಾತಿನಲ್ಲಿ ಮರೆತೆವು. ಅದು ಜುಲೈ ತಿಂಗಳು, ಇಲ್ಲಿಯ ಕಡು ಬೇಸಿಗೆ. ನೆನಪಾಗಿ ಬಾಗಿಲು ತೆಗೆದಾಗ ಹಿಟ್ಟು ಪಾತ್ರೆ ದಾಟಿ ಬಾಲ್ಕನಿಯ ತುಂಬ ಹರಿದಿತ್ತು. ನನ್ನ ಹೆಂಡತಿ ತಲೆಯ ಮೇಲೆ ಕೈ ಇಟ್ಟುಕೊಂಡಳು, ಸಂಜೀವಣ್ಣ ಮಾತ್ರ ಮೊಮ್ಮಗ ಮೊದಲ ಹೆಜ್ಜೆ ಇಟ್ಟಷ್ಟು ಸಂತೋಷಪಟ್ಟರು.

ಅವರು ಬಂಟ್ವಾಳದ ಕಡೆಯವರು, ಮನೆಮಾತು ತುಳು. ದೋಹಾದ ಹೊರವಲಯದ ಒಂದು ದೊಡ್ಡ ಬೇಕರಿಯಲ್ಲಿ ಹಿಟ್ಟು ಹುದುಗು ಬರಿಸುವ ವಿಭಾಗದ ಸೂಪರ್‌ವೈಸರ್. ಕುಳ್ಳಗೆ, ದಪ್ಪಗೆ ಇದ್ದರು. ಮೊಣಕೈವರೆಗೂ ಒಲೆಯ ಸುಟ್ಟ ಗುರುತುಗಳು. ಇಪ್ಪತ್ತು ವರ್ಷದ ಮೇಲೆ ಈ ಊರಿನಲ್ಲಿದ್ದರೂ ಕಾರು ಕೊಳ್ಳಲಿಲ್ಲ, ಪುಸ್ತಕ ಕೊಂಡರು. ಬ್ರೆಡ್ಡು ಹೇಗೆ ಹುಟ್ಟಿತು ಎಂದು ಓದಲು ಹೊರಟವರು ಬಿಯರಿನ ಹತ್ತಿರ ಬಂದು ನಿಂತರು. ಆಮೇಲೆ ಅಲ್ಲಿಂದ ಕದಲಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ಇರಾಕಿನ ಪ್ರಾಚೀನ ಸುಮೇರಿನ ಕಥೆ ಹೇಳಿ, ಅವನು ಇಳಿಯುವ ಸ್ಟಾಪು ತಪ್ಪಿಸಿಬಿಡುತ್ತಿದ್ದರು.

"ಮನುಷ್ಯ ಮೊದಲು ಸಾಕಿದ್ದು ನಾಯಿ ಅಂತ ಹೇಳ್ತಾರೆ. ಆಗಬಹುದು. ಆದ್ರೆ ಈ ಯೀಸ್ಟು ನಮ್ಮನ್ನು ಸಾಕಿದ್ದು ಅಂತ ಯಾರೂ ಹೇಳುವುದಿಲ್ಲ ಮಾರಾಯ್ರೆ," ಎನ್ನುವುದು ಅವರ ದಿನನಿತ್ಯದ ದೂರು.

ಈ ಹಟದ ಬೇರು ಪುಸ್ತಕದಲ್ಲಿರಲಿಲ್ಲ. ಅವರ ಅಪ್ಪ ದೂಮಪ್ಪನವರು ಮೂರ್ತೆ ಮಾಡುತ್ತಿದ್ದರು. ಎಂದರೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವ ಕೆಲಸ. ಪೇಟೆಯಲ್ಲಿ ಬ್ರೆಡ್ಡು ಮಾಡುವ ಒಬ್ಬ ಕೊಂಕಣಿ ಕ್ರಿಶ್ಚಿಯನ್ನರಿದ್ದರು, ಊರವರ ಬಾಯಲ್ಲಿ ಪೊರ್ಬುಗಳು. ಶಾಲೆಗೆ ಹೋಗುವ ದಾರಿಯಲ್ಲಿ ಸಂಜೀವಣ್ಣ ಅವರಿಗೆ ಒಂದು ತಂಬಿಗೆ ಕಳ್ಳು ಕೊಟ್ಟು ಹೋಗಬೇಕಿತ್ತು. ಪೊರ್ಬುಗಳು ಹುದುಗು ಬರಲೆಂದು ಅದನ್ನು ಹಿಟ್ಟಿಗೆ ಹಾಕಿ ನಾದುತ್ತಿದ್ದರು. ಸಂಜೆ ವಾಪಸು ಬರುವಾಗ ಬಿಸಿ ಬನ್ನು ಸಿಗುತ್ತಿತ್ತು. ಅಪ್ಪನ ತಂಬಿಗೆ ಮುಟ್ಟಲು ಅಸಹ್ಯಪಡುತ್ತಿದ್ದ ಮೇಷ್ಟ್ರೇ ಆ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಸಂಜೀವಣ್ಣ ನಗುತ್ತಿರಲಿಲ್ಲ.

ಕುಡಿಯುತ್ತಿದ್ದರೇ ಎಂದು ಕೇಳುವವರಿದ್ದಾರೆ. ಇಲ್ಲ. "ಅಪ್ಪನ ಕಳ್ಳು ಕುಡಿದ ಬಾಯಿಗೆ ಬಾಟ್ಲಿಯದ್ದು ಎಂತಕ್ಕೆ?" ಎನ್ನುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕನ್ನಡ ಬಳಗದಲ್ಲಿ ತಿಂಗಳಿಗೊಂದು ಉಪನ್ಯಾಸ ಇಡುವ ಪದ್ಧತಿ. ಆಗ ನಾನು ಕಾರ್ಯದರ್ಶಿ. ಸಂಜೀವಣ್ಣನನ್ನು ಕರೆಯೋಣ ಎಂದವನೂ ನಾನೇ. ಅವರು ಒಂದೇ ದಿನದಲ್ಲಿ ವಿಷಯ ಕಳಿಸಿದರು: 'ಬಿಯರ್ ಕಟ್ಟಿದ ನಾಗರಿಕತೆ'. ಕೆಳಗೆ ಪರಿಚಯ, ಎರಡೇ ಸಾಲು: ಬೇಕರಿ ಕೆಲಸ, ತಂದೆ ದೂಮಪ್ಪ, ಮೂರ್ತೆದಾರರು.

ನಮ್ಮ ಅಧ್ಯಕ್ಷರು ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ವಾರಾಂತ್ಯಕ್ಕೆ ಯಾವ ಹೋಟೆಲಿನ ಬಾರಿನಲ್ಲಿ ಯಾವ ದೇಶದ ಬಿಯರಿಗೆ ನೊರೆ ಚೆನ್ನಾಗಿ ಬರುತ್ತದೆ ಎಂದು ನನಗೆ ಹೇಳಿದ್ದೇ ಅವರು. ಅದೇ ಅಧ್ಯಕ್ಷರು ಫೋನಿನಲ್ಲಿ ಹೌಹಾರಿದರು.

"ಏನ್ರೀ ಇದು? ಇದು ಕತಾರ್ ಕಣ್ರೀ! ಗ್ರೂಪಲ್ಲಿ ಬಿಯರ್ ಅಂತ ಹಾಕಿದ್ರೆ ನಮ್ಮನ್ನೆಲ್ಲ ಪ್ಲೇನ್ ಹತ್ತಿಸ್ತಾರೆ ಅಷ್ಟೆ. ಹಾಲ್ ಕೊಡೋರು ಹಮೀದ್ ಭಾಯ್ ಬೇರೆ, ಅವ್ರಿಗೆ ಬೇಜಾರಾಗಲ್ವಾ? ಆಮೇಲೆ ಆ ಮೂರ್ತೆ ಗೀರ್ತೆ ಎಲ್ಲಾ ಯಾಕೆ? ಕೃಷಿಕ ಕುಟುಂಬ ಅಂತ ಹಾಕಿ. ಗೌರವವಾಗಿರುತ್ತೆ."

ನಾನು ಬದಲಿಸಿದೆ. ಸಂಜೀವಣ್ಣನನ್ನು ಒಂದು ಮಾತೂ ಕೇಳಲಿಲ್ಲ. 'ಧಾನ್ಯ ಮತ್ತು ಮಾನವ' ಎಂದು ಹೆಸರಿಟ್ಟು, ಬಾರ್ಲಿಯ ತೆನೆಯ ಚಿತ್ರ ಅಂಟಿಸಿ ಆಮಂತ್ರಣ ಕಳಿಸಿದೆ. ನಮ್ಮ ಬಳಗದವರು ಅದನ್ನು ಸಿರಿಧಾನ್ಯದ ಕಾರ್ಯಕ್ರಮ ಎಂದುಕೊಂಡರು! ಎಂದೂ ಮೂವತ್ತು ಜನ ದಾಟದ ಸಭೆಗೆ ಅಂದು ಕುರ್ಚಿ ಸಾಲಲಿಲ್ಲ. ಸಕ್ಕರೆ ಕಾಯಿಲೆಗೆ ನವಣೆ ಒಳ್ಳೆಯದೋ ಸಾಮೆ ಒಳ್ಳೆಯದೋ ಎಂದು ಬರೆದುಕೊಳ್ಳಲು ದೂರದ ಊರಾದ ಅಲ್ ಖೋರ್‌ನಿಂದ ಇಬ್ಬರು ಹೆಂಗಸರು ನೋಟ್‌ಬುಕ್ಕು ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು.

ಸಭೆ ದೋಹಾ ಅಲ್ ಜದೀದಾ ಬಡಾವಣೆಯ ಹಮೀದಾಕನ ಹೋಟೆಲಿನ ಮೇಲಿನ ಹಾಲಿನಲ್ಲಿ. ಅಧ್ಯಕ್ಷರ ಹಮೀದ್ ಭಾಯ್ ಎಂದರೆ ಇವರೇ, ವಿಟ್ಲದ ಬ್ಯಾರಿ ಮುಸ್ಲಿಂ ವ್ಯಾಪಾರಿ, ಬಾಡಿಗೆ ಎಂದು ಒಂದು ರಿಯಾಲನ್ನೂ ತೆಗೆದುಕೊಂಡವರಲ್ಲ. ನಾನು ಎದ್ದು ಪರಿಚಯ ಓದಿದೆ. "ಬಂಟ್ವಾಳದ ಕೃಷಿಕ ಕುಟುಂಬದಲ್ಲಿ ಜನಿಸಿದ ಶ್ರೀ ಸಂಜೀವ ಅವರು..." ಓದುತ್ತಲೇ ಅವರ ಮುಖ ನೋಡಿದೆ. ಆ ಮುಖವನ್ನು ಮರೆಯಲು ನನಗೆ ಆಗಿಲ್ಲ.

ಅವರು ಮೈಕಿನ ಮುಂದೆ ಬಂದರು.

"ಸೆಕ್ರೆಟರಿಗಳು ಯಾರೋ ಬೇರೆಯವರ ಪರಿಚಯ ಓದಿದ್ರು. ನಮ್ಮ ಅಪ್ಪನಿಗೆ ಕೃಷಿ ಮಾಡ್ಲಿಕ್ಕೆ ಅಂಗೈಯಷ್ಟು ಜಾಗವೂ ಇರ್ಲಿಲ್ಲ. ಅವರು ಮೂರ್ತೆ ಮಾಡ್ತಿದ್ರು. ಕಳ್ಳು ಇಳಿಸ್ತಿದ್ರು. ಆ ಕಳ್ಳಿನಲ್ಲೇ ನಾನು ಓದಿದ್ದು, ಅದರಲ್ಲೇ ಬ್ರೆಡ್ಡು ಕಲ್ತದ್ದು. ಇವತ್ತು ನಾನು ಮಾತಾಡ್ಲಿಕ್ಕೆ ಬಂದದ್ದು ಸಿರಿಧಾನ್ಯ ಅಲ್ಲ. ಬಿಯರು."

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಎದ್ದು ನಿಂತು, "ಸಂಜೀವ್ ಅವ್ರೆ, ಆ ಟಾಪಿಕ್ ಬೇಡ, ಪ್ಲೀಸ್. ನಮಗೆ ಹಾಲ್ ಕೊಟ್ಟೋರ ಭಾವನೆಗೆ..." ಎಂದು ಶುರುಮಾಡಿದರು. ಹಿಂದಿನ ಸಾಲಿನಿಂದ ಹಮೀದಾಕನ ದನಿ ಬಂತು.

"ನನ್ನ ಭಾವನೆ ನಾನೇ ಹೇಳ್ತೇನೆ ಅಧ್ಯಕ್ಷರೇ. ಕುಡಿಯುವುದು ನಮಗೆ ಹರಾಮ್. ಕೇಳುವುದು ಅಲ್ಲ. ಅವರ ಅಪ್ಪನ ಕೆಲಸ ಮುಚ್ಚಿಡ್ಲಿಕ್ಕೆ ನನ್ನ ಹೆಸರು ಅಡ್ಡ ತರ್ಬೇಡಿ. ಖಲಾಸ್. ಯಲ್ಲಾ, ಶುರು ಮಾಡಿ ಸಂಜೀವಣ್ಣ, ನೀವು ಹೇಳಿ."

ಅಧ್ಯಕ್ಷರು ಕೂತರು. ಸಂಜೀವಣ್ಣ ಮುಂದಿನ ಸಾಲಿನ ನೋಟ್‌ಬುಕ್ಕುಗಳನ್ನು ನೋಡಿ, "ನಿಮಗೂ ಮೋಸ ಆಗ್ಬಾರ್ದು ಅಕ್ಕ. ಅಂಬಲಿಯಿಂದಲೇ ಶುರು ಮಾಡುವಾ," ಎಂದರು.

ಶುರು ಮಾಡಿದರು. ಸಾವಿರಾರು ವರ್ಷಗಳ ಹಿಂದೆ ಯಾರೋ ಒಬ್ಬ ಹೆಂಗಸು, ಖಂಡಿತ ಹೆಂಗಸೇ ಎಂದು ಅವರ ವಾದ, ಕಾಡಿನ ಬಾರ್ಲಿ ಕುಟ್ಟಿ ಅಂಬಲಿ ಕಾಯಿಸಿ ಮರೆತಳು. ಎರಡು ದಿನ ಬಿಟ್ಟು ನೋಡಿದರೆ ಅದು ಗುಳುಗುಳು ಎನ್ನುತ್ತಿದೆ. ಚೆಲ್ಲಲು ಮನಸ್ಸು ಬರದೆ ಕುಡಿದಳು. ಹೊಟ್ಟೆ ತುಂಬಿತು, ಮನಸ್ಸೂ ಹಗುರಾಯಿತು. ಇನ್ನೊಮ್ಮೆ ಬೇಕೆನಿಸಿತು. ಇನ್ನೊಮ್ಮೆ ಬೇಕಾದರೆ ಬಾರ್ಲಿ ಬೇಕು, ಬಾರ್ಲಿ ಬೇಕಾದರೆ ಬಿತ್ತಬೇಕು, ಬಿತ್ತಿದ ಮೇಲೆ ಕಾಯಬೇಕು. ಕಾಯಲು ಒಂದೇ ಕಡೆ ಮನೆ ಕಟ್ಟಬೇಕು.

"ಊರು ಅಂದ್ರೆ ಹೀಗೆ ಆದದ್ದು. ಬ್ರೆಡ್ಡು ಮೊದಲೋ ಬಿಯರು ಮೊದಲೋ ಅಂತ ಪಂಡಿತರು ಇವತ್ತಿಗೂ ಜಗಳ ಮಾಡ್ತಾ ಇದ್ದಾರೆ. ಮಾಡ್ಲಿ. ಎರಡೂ ಒಂದೇ ತಾಯಿಯ ಮಕ್ಕಳು, ಅದು ನನಗೆ ಗೊತ್ತುಂಟು. ಈಜಿಪ್ಟಿನಲ್ಲಿ ಬೇಕರಿಯೂ ಬಿಯರು ಮಾಡುವ ಮನೆಯೂ ಅಕ್ಕಪಕ್ಕವೇ ಇದ್ದದ್ದು."

ಸುಮೇರಿನಲ್ಲಿ ಕೂಲಿಗೆ ಬಿಯರು ಅಳೆದು ಕೊಡುತ್ತಿದ್ದರಂತೆ, ಆ ಲೆಕ್ಕವನ್ನು ಮಣ್ಣಿನ ಹಲಗೆಯ ಮೇಲೆ ಗೀರಿಡುತ್ತಿದ್ದರಂತೆ. ಮನುಷ್ಯ ಅಕ್ಷರ ಕಲಿತ ಕಾಲದ ಬರಹದಲ್ಲೇ ಬಿಯರು ಇದೆ ಎಂದರು. ಒಂದೇ ಗಡಿಗೆಯ ಸುತ್ತ ಕೂತು ಉದ್ದನೆಯ ಜೊಂಡಿನ ಕೊಳವೆ ಹಾಕಿ ಹೀರುತ್ತಿದ್ದರು. ಬಿಯರಿಗೇ ಒಬ್ಬ ದೇವಿ ಇದ್ದಳು. "ಅಲ್ಲಿ ಇದನ್ನು ಮಾಡುವವರಿಗೆ ಗುಡಿಯಲ್ಲೇ ಕೆಲಸ ಇತ್ತು. ನಮ್ಮ ಅಪ್ಪನಿಗೆ ಮಾತ್ರ ಗುಡಿಯ ಮೆಟ್ಟಿಲೂ ಸಿಗ್ಲಿಲ್ಲ. ನಾಚಿಕೆ ಯಾರಿಗೆ ಆಗ್ಬೇಕು?"

ಅಲ್ ಖೋರ್‌ನ ಹೆಂಗಸರಲ್ಲಿ ಒಬ್ಬರು ಕೊನೆಯವರೆಗೂ ಬರೆದುಕೊಳ್ಳುತ್ತಲೇ ಇದ್ದರು. ಪೊಲೀಸರು ಬರಲಿಲ್ಲ, ಪ್ಲೇನೂ ಬರಲಿಲ್ಲ. ಆದರೆ ಬಳಗದ ಯಾವ ಪಟ್ಟಿಯಲ್ಲೂ ಆಮೇಲೆ ಸಂಜೀವಣ್ಣನ ಹೆಸರು ಕಾಣಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ಆಸೆ ನನಗಿಲ್ಲ.

ನಿವೃತ್ತರಾಗಿ ಊರಿಗೆ ಹೊರಡುವ ಮುಂಚೆ ಅವರು ನನ್ನ ಆಫೀಸಿನ ಕೆಳಗಿನ ಚಹಾ ಅಂಗಡಿಗೆ ಬಂದಿದ್ದರು. ಆಗ ಕ್ಷಮೆ ಕೇಳಿದೆ. ಇಲ್ಲಿಯ ಗಟ್ಟಿ ಕರಕ್ ಚಹಾ ಊದುತ್ತಾ ಕೇಳಿಸಿಕೊಂಡರು.

"ಬಿಯರು ಅನ್ನುವ ಹೆಸರು ತೆಗ್ದದ್ದಕ್ಕೆ ನನಗೆ ಕೋಪ ಇಲ್ಲ. ನೀವು ಹೆದರಿದ್ರಿ, ಅಷ್ಟೆ. ಹೆಂಡತಿ ಮಕ್ಕಳು ಇರುವವರು, ಹೆದರ್ಬಹುದು. ಆದ್ರೆ ನೀವು ನಮ್ಮ ಅಪ್ಪನನ್ನು ಮರದಿಂದ ಇಳಿಸಿ ಗದ್ದೆಯಲ್ಲಿ ನಿಲ್ಲಿಸಿದ್ರಿ. ಜೀವಮಾನ ಪೂರ್ತಿ ಹತ್ತಿದ ಮನುಷ್ಯ ಅವರು. ಇನ್ನೊಮ್ಮೆ ಹಾಗೆ ಮಾಡ್ಬೇಡಿ ಮಾರಾಯ್ರೆ."

ಮಾಡುವುದಿಲ್ಲ ಎಂದೆ. ಕೈಕುಲುಕಿ, ಬಸ್ ಸ್ಟಾಪಿನ ಕಡೆ ನಡೆದರು. ಅದೇ ಕೊನೆ. ಊರಿಗೆ ಹೋದ ವರ್ಷವೇ ಹೃದಯಾಘಾತದಿಂದ ಹೋಗಿಬಿಟ್ಟರು ಎಂದು ಹಮೀದಾಕ ಫೋನು ಮಾಡಿ ಅತ್ತರು. ನಾನೂ ಅತ್ತೆ.

ಸತ್ತವರ ಮೇಲೆ ಎಲ್ಲರಿಗೂ ಪ್ರೀತಿ ಬರುತ್ತದೆ. ಬಳಗದ ಸ್ಮರಣ ಸಂಚಿಕೆಗೆ ಸಂಜೀವಣ್ಣನ ಬಗ್ಗೆ ಬರೆದುಕೊಡಿ ಎಂದು ಅಧ್ಯಕ್ಷರೇ ಕೇಳಿದರು. ಇದನ್ನೇ ಬರೆದುಕೊಟ್ಟೆ, ನೀವು ಇಲ್ಲಿಯವರೆಗೆ ಓದಿದ್ದನ್ನು. ಎರಡು ದಿನ ಬಿಟ್ಟು ಫೋನು ಬಂತು.

"ತುಂಬಾ ಚೆನ್ನಾಗಿದೆ ಕಣ್ರೀ. ನನ್ನ ಬಗ್ಗೆ ಬರೆದಿರೋದೂ ಇರ್ಲಿ, ಪರವಾಗಿಲ್ಲ. ಆ ಬಿಯರ್ರು, ಆ ಮೂರ್ತೆ, ಅದೆರಡು ಮಾತ್ರ ತೆಗೆದ್ಬಿಡಿ. ಹೋದವರಿಗೆ ಗೌರವ ಅಲ್ವಾ?"

ಲೇಖನ ವಾಪಸು ಕೊಡಿ ಎಂದೆ. ಅವರ ಸಂಚಿಕೆ ಅಚ್ಚಾಗಿ ಬಂತು, ಸಂಜೀವಣ್ಣ ಅದರಲ್ಲಿಲ್ಲ. ಇಲ್ಲಿದ್ದಾರೆ. ಹೆಸರು ಸಂಜೀವ. ತಂದೆ ದೂಮಪ್ಪ, ಮೂರ್ತೆದಾರರು. ಯಾರು ಫೋನು ಮಾಡಿದರೂ ಇದರಲ್ಲಿ ಒಂದಕ್ಷರ ತೆಗೆಯುವುದಿಲ್ಲ.