ಚನ್ನಬಸಮ್ಮನ ಸೂರ್ಯ

ಶನಿವಾರಸಂತೆಯ ಸಂತೆಬೀದಿಯಲ್ಲಿ ಹಸಿಮೆಣಸಿನಕಾಯಿ ರಾಶಿಯ ಪಕ್ಕ ಟ್ಯಾರೋ ಕಾರ್ಡು ಹರಡಿಕೊಂಡು ಕೂರುವ ಚನ್ನಬಸಮ್ಮನ ಎದುರು ಯಾರಾದರೂ ‘ಇಸ್ಪೀಟು’ ಎಂದರೆ ಮುಗಿಯಿತು, ಅವರ ಸರದಿ ಕೊನೆಗೆ ಹೋಗುತ್ತದೆ. ವಿಭೂತಿ ಹಚ್ಚದೆ ಅವಳು ಕಾರ್ಡು ಮುಟ್ಟಳು. ಮದುವೆ ಯಾವಾಗ, ಮಳೆ ಯಾವಾಗ ಎಂದು ಕೇಳಿದವರಿಗೆ, “ಅದ್ನೆಲ್ಲ ಜೋಯಿಸರನ್ನ ಕೇಳಿ. ನಾನು ತೋರ್ಸೋದು ನಿಮ್ಮನ್ನೇ ನಿಮಗೆ,” ಎಂದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಲಾಂದ್ರ ಹಿಡಿದ ಮುದುಕನ ಕಾರ್ಡು ಬಂದರೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರಬೇಕು, ಸಿಡಿಲು ಬಡಿದ ಗೋಪುರ ಬಂದರೆ ಜಂಬ ಇಳಿಸಬೇಕು. ಪಂಚಾಯ್ತಿ ಮೆಂಬರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಕುದುರೆಯೇರಿದ ಅಸ್ಥಿಪಂಜರ ಕಂಡು ಕಾಲೇಜು ಹುಡುಗಿ ಶರ್ಮಿಳಾ, “ಆಂಟಿ, ಇಲ್ಲಿ ಸಾವು ಅಂತ ಬರ್ದಿದೆ!” ಎಂದು ಬೆಚ್ಚಿದಾಗ ಚನ್ನಬಸಮ್ಮ ನಕ್ಕಳು. “ಕಪಾತು ಮಾಡಿದ್ರೆ ಕಾಫಿ ಗಿಡ ಸಾಯ್ತದೇನವ್ವಾ? ಹಳೇ ಕೊಂಬೆ ಕಡಿದ್ರೇನೇ ಹೊಸ ಚಿಗುರು. ಹೆಸ್ರು ಓದಿದ್ಯಲ್ಲ, ಹಿಂದೆ ಹುಟ್ತಿರೋ ಸೂರ್ಯ ಕಾಣ್ಲಿಲ್ವಾ?” ಶರ್ಮಿಳಾ ಬಗ್ಗಿ ನೋಡಿದಳು. ಅಷ್ಟೂ ಕಾರ್ಡುಗಳಲ್ಲಿ ಅದೊಂದರಲ್ಲಿ ಮಾತ್ರ, ಸೂರ್ಯನಿದ್ದ ಜಾಗ ಸವೆದು ಬೆಳ್ಳಗಾಗಿತ್ತು. ಗಂಡ ರೇವಣ್ಣ ತೀರಿಕೊಂಡ ವರ್ಷ, ದಿನಾ ಬೆಳಿಗ್ಗೆ ಅಲ್ಲೇ ಹೆಬ್ಬೆರಳು ಊರಿ ಎದ್ದವಳು ಚನ್ನಬಸಮ್ಮ.