ಅತ್ತೆಯ ಸುತ್ತಿಗೆ

ನಮ್ಮ ಸೋದರತ್ತೆ ಕಲ್ಲು ನೋಡಿ ಚಿನ್ನ ಹೌದೋ ಅಲ್ಲವೋ ಎಂದು ಹೇಳುವವಳು. ಮೂವತ್ತು ವರ್ಷದಿಂದ ಅದೇ ಕೆಲಸ. ಒಡೆದ ಟೈಲ್ಸಿನ ಒರಟು ಬೆನ್ನಿಗೆ ಕಲ್ಲನ್ನು ಉಜ್ಜುತ್ತಾಳೆ. ಹಳದಿ ಗೆರೆ ಬಿದ್ದರೆ ಚಿನ್ನದ ಆಸೆ ಇಟ್ಟುಕೊಳ್ಳಬಹುದು, ಕಪ್ಪು ಗೆರೆ ಬಿದ್ದರೆ ಬರೀ ಕಲ್ಲು. ನಂಬದವರಿಗೆ ಸುತ್ತಿಗೆ ಇದೆ. ಕಲ್ಲು ತಂದವರ ಮುಖವನ್ನು ಮಾತ್ರ ಅವಳು ನೋಡುವುದಿಲ್ಲ. ನೋಡಿದರೆ ನಾಲಿಗೆ ಸುಳ್ಳಿಗೆ ಹೊರಳುತ್ತದಂತೆ.

ಆ ದಿನ ಕಲ್ಲು ತಂದದ್ದು ಅಪ್ಪ. ಬಾವಿ ತೋಡುವಾಗ ಸಿಕ್ಕಿದ್ದು, ಥಳಥಳ ಹೊಳೆಯುತ್ತಿತ್ತು. ಅತ್ತೆಗೆ ತೋರಿಸುವ ಮೊದಲೇ ಬೀದಿಗೆಲ್ಲ ಡಂಗುರ ಸಾರಿ, ಮೇಸ್ತ್ರಿಯ ಕಾಲ ಬಳಿ ಹಾರೆ ಎಸೆದು ಕೆಲಸ ಬಿಟ್ಟು ಬಂದಿದ್ದ, ಪುಣ್ಯಾತ್ಮ! ಬಾಗಿಲ ತುಂಬ ಜನ.

ಅತ್ತೆ ಉಜ್ಜಿದಳು. ಗೆರೆ ಕಪ್ಪಗಿತ್ತು.

"ಇನ್ನೊಂದ್ಸಲ ಉಜ್ಜು," ಎಂದ ಅಪ್ಪ.

ಅವಳು ಸುತ್ತಿಗೆ ಎತ್ತಿಕೊಂಡಳು. ಅಪ್ಪ ಥಟ್ಟನೆ ಕಲ್ಲಿನ ಮೇಲೆ ಅಂಗೈ ಮುಚ್ಚಿದ.

"ಬೇಡ ಕಣೇ, ಒಡೆದುಹೋಗುತ್ತೆ!"

"ಚಿನ್ನ ಒಡೆಯಲ್ಲ ಅಣ್ಣ. ಎಷ್ಟು ಜಜ್ಜಿದ್ರೂ ಚಪ್ಪಟೆ ಆಗುತ್ತೆ, ಅಷ್ಟೇ. ಚಿನ್ನ ಅಂತ ಊರಿಗೆಲ್ಲ ಹೇಳಿದ್ದು ನೀನೇ ತಾನೆ? ತೆಗಿ ಕೈ."

ಕೊನೆಗೆ ಅಪ್ಪ ಕೈ ತೆಗೆದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

ಸುತ್ತಿಗೆ ಬಿತ್ತು. ಚೂರುಗಳು ಗೋಡೆಗೆ ಸಿಡಿದವು. ಬೆಂಕಿಕಡ್ಡಿ ಗೀರಿದಂಥ ವಾಸನೆ ಹರಡಿತು. ಮೊಟ್ಟಮೊದಲ ಬಾರಿಗೆ ಅತ್ತೆ ಕಲ್ಲು ತಂದವನ ಮುಖ ನೋಡಿದಳು.

ಅಪ್ಪ ಕಣ್ಣು ತೆರೆಯದೆಯೇ ಕೇಳಿದ: "ಚಪ್ಪಟೆ ಆಯ್ತಾ?"